ಮುನ್ನೂರ ಹನ್ನೆರಡು ಕಲ್ಲು, ಒಂದೂ ಅವರದಲ್ಲ

ಬುಧವಾರ, ಬೆಳಗಿನ ಐದೂ ಹತ್ತು. ಏಪ್ರಿಲ್ ಬಂದರೂ ಅಮೆರಿಕದ ಈ ಅಸೋಮೆಟ್ ಬಂದರಿನಲ್ಲಿ ಹಿಮ ಬೀಳುವುದು ನಿಂತಿಲ್ಲ. ನಿನ್ನೆ ಸಂಜೆಯಿಂದ ಬಿದ್ದ ನಾಲ್ಕು ಅಂಗುಲ ಹಿಮವನ್ನು ಪುರಸಭೆಯ ಲಾರಿ ಈಗಷ್ಟೇ ತಳ್ಳಿ, ಚೌಕದ ಅಂಚಿನಲ್ಲಿ ಗುಡ್ಡೆ ಹಾಕಿದೆ. ಆ ಗುಡ್ಡೆಯ ಮುಂದೆ ಅರವತ್ತೆಂಟು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ರಬ್ಬರ್ ಗವಸು ತೊಟ್ಟ ಎರಡೂ ಕೈಗಳನ್ನು ಮೊಣಕೈವರೆಗೆ ಹಿಮದೊಳಗೆ ತೂರಿಸಿ ತಡಕುತ್ತಿದ್ದಾರೆ. ಸಿಕ್ಕಿದ್ದನ್ನು ಹೊರಗೆ ತೆಗೆದು, ಲಂಗಕ್ಕೆ ಒರೆಸಿ, ತಿರುಗಿಸಿ ನೋಡಿ, ಬಕೆಟ್ಟಿಗೆ ಹಾಕುತ್ತಾರೆ. ಕಲ್ಲು. ಕೆಲವು ಬಿಳಿ, ಕೆಲವು ಕಪ್ಪು, ಎಲ್ಲವೂ ಹೆಚ್ಚುಕಡಿಮೆ ಮುಷ್ಟಿ ಗಾತ್ರ.

ಇವರು ಇಡಾಲಿನಾ ಬ್ರೂಮ್. ಊರಿಗೆಲ್ಲ ತಿಯಾ, ಅಂದರೆ ಅತ್ತೆ. ಅವರ ತಲೆಯ ಮೇಲೆ, ಹನ್ನೆರಡು ಅಡಿ ಎತ್ತರದಲ್ಲಿ, ಕಂಚಿನ ಮಿಗೆಲ್ ಕೊರ್ಟ್-ರೆಯಾಲ್ ಹಣೆಗೆ ಕೈ ಅಡ್ಡ ಹಿಡಿದು ಸಮುದ್ರವನ್ನು ನೋಡುತ್ತಾ ನಿಂತಿದ್ದಾನೆ. ಅವನ ಕಾಲ ಬಳಿಯಿಂದ ಹೊರಟು ಚೌಕದ ತುಂಬ ಹರಡಿರುವುದು ಕಪ್ಪು-ಬಿಳುಪು ಕಲ್ಲಿನ ಅಲೆಗಳ ನೆಲ. ಹಿಮದ ಲಾರಿ ಪ್ರತಿ ಸಲ ಈ ನೆಲದಿಂದ ಒಂದಷ್ಟು ಕಲ್ಲು ಕಿತ್ತುಕೊಂಡು ಹೋಗುತ್ತದೆ. ಪ್ರತಿ ಸಲ ತಿಯಾ ಬಂದು ಅವನ್ನು ಹುಡುಕಿ ವಾಪಸ್ ಕೂರಿಸುತ್ತಾರೆ. ಮೂವತ್ತನಾಲ್ಕು ಚಳಿಗಾಲದಿಂದ ಇದೇ ನಡೆದಿದೆ.

ಇನ್ನೊಂದು ಸುತ್ತು ಮುಗಿಸಿ ಬಂದ ಲಾರಿ ಪಕ್ಕದಲ್ಲಿ ನಿಲ್ಲುತ್ತದೆ. ಚಾಲಕ ಡೆಕ್ಲನ್ ಕಿಟಕಿ ಇಳಿಸುತ್ತಾನೆ. ಐರಿಷ್ ಮನೆಯವನಾದರೂ ಅವನಿಗೂ ಇವರು ತಿಯಾ.

"ತಿಯಾ, ಇವತ್ತು ಬ್ಲೇಡು ಎರಡಂಗುಲ ಮೇಲೆತ್ತಿದ್ದೆ. ಆಣೆ ಮಾಡಿ ಹೇಳ್ತೀನಿ!"

"ಎತ್ತಿದ್ದಕ್ಕೇ ಮೂವತ್ತೆಂಟು ಕಿತ್ತಿದೀಯ. ಇಳಿಸಿದ್ರೆ ಮಿಗೆಲ್ಲನ್ನೇ ಹೊತ್ಕೊಂಡು ಹೋಗ್ತಿದ್ದೆ ನೀನು."

"ಹೇಗೂ ಮುಂದಿನ ತಿಂಗಳು ಇದನ್ನೆಲ್ಲ ಕಿತ್ತು ಬಿಸಾಕ್ತಾರಂತಲ್ಲ. ಯಾಕಿಷ್ಟು ಒದ್ದಾಟ?"

ತಿಯಾ ತಲೆಯೆತ್ತುವುದಿಲ್ಲ. "ಕೀಳೋವಾಗ್ಲಾದ್ರೂ ನೆಟ್ಟಗಿರ್ಲಿ. ಸೊಟ್ಟಗಿತ್ತು, ಅದಕ್ಕೇ ಕಿತ್ತರು ಅಂತ ನಾಳೆ ಯಾರೂ ಅನ್ಬಾರ್ದು."

ಡೆಕ್ಲನ್ ಹೇಳಿದ್ದು ನಿಜ. ಮಿಗೆಲ್ಲನ ಸ್ಮಾರಕಕ್ಕೆ ಈ ಜೂನಿಗೆ ಐವತ್ತೈದು ತುಂಬುತ್ತದೆ. ಪವಿತ್ರಾತ್ಮ ಹಬ್ಬದ ದಿನವೇ ದೊಡ್ಡ ಸಮಾರಂಭ. ಅದಕ್ಕೆ ಮೊದಲು ಈ ನೆಲವನ್ನು ಅಗೆದು ತೆಗೆದು ಕಾಂಕ್ರೀಟು ಸುರಿಯಬೇಕೆಂದು ಸ್ಮಾರಕ ಸಂಘದ ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಬರೀ ಕಾಂಕ್ರೀಟಲ್ಲ, ಅಲೆಯ ಅಚ್ಚು ಒತ್ತಿ, ಕಪ್ಪು-ಬಿಳಿ ಬಣ್ಣ ಬಳಿದ ಕಾಂಕ್ರೀಟು! ಕಲ್ಲಿನಂತೆ ಕಾಣಬೇಕಂತೆ. ಕಲ್ಲನ್ನು ಕಿತ್ತು, ಕಲ್ಲಿನಂತೆ ಕಾಣುವುದನ್ನು ಹಾಕಿಸಲು ಹೊರಟ ನಮ್ಮ ಜನರ ಬುದ್ಧಿಗೆ ಏನೆನ್ನಬೇಕೋ ನನಗಂತೂ ತಿಳಿಯುವುದಿಲ್ಲ. ಕೊನೆಯ ಮತದಾನ ಭಾನುವಾರ. ನೀವು ಇದನ್ನು ಶನಿವಾರ ಓದುತ್ತಿದ್ದೀರಿ, ಅಂದರೆ ನಾಳೆ.

ನಮ್ಮ ಜನ ಎಂದೆ. ನಾನೂ ಅದೇ ಜನದವಳು. ಆ ಅಲೆಗಳಲ್ಲಿ ನಮ್ಮ ಮನೆಯದೂ ಒಂದು ಕಲ್ಲಿದೆ. ಅದು ಯಾವುದೆಂದು ಈ ಬುಧವಾರದ ತನಕ ನನಗೆ ಗೊತ್ತಿರಲಿಲ್ಲ ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಸಿಟ್ಟೆಲ್ಲ ಬೇರೆಯವರ ಮೇಲೆ ಮಾತ್ರ ಎಂದು ನೀವು ತಿಳಿದೀರಿ.

ಮಿಗೆಲ್ಲನ ಕತೆ ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ಐನೂರು ವರ್ಷದ ಹಿಂದೆ ಅವನ ತಮ್ಮ ಗಾಸ್ಪರ್ ಹೊಸ ನೆಲ ಹುಡುಕಿಕೊಂಡು ಪಡುವಣಕ್ಕೆ ಹಡಗೇರಿದ, ವಾಪಸ್ ಬರಲಿಲ್ಲ. ಮರುವರ್ಷ ಅಣ್ಣ ತಮ್ಮನನ್ನು ಹುಡುಕಲು ಹೊರಟ. ಅವನೂ ವಾಪಸ್ ಬರಲಿಲ್ಲ. ನಮ್ಮ ಕರಾವಳಿಗೆ ಬಂದು ಇಲ್ಲೇ ಕೊನೆಯುಸಿರೆಳೆದ ಎಂದು ಅಜ್ಜಂದಿರು ಹೇಳುತ್ತಿದ್ದರು. ಪುರಾವೆ ಕೇಳಿದರೆ ಮೂರು ದಿನ ಮಾತು ಬಿಡುತ್ತಿದ್ದರು. ಮಿಕ್ಕ ಊರುಗಳು ಹೊಸ ನೆಲ ಕಂಡವರಿಗೆ ಪ್ರತಿಮೆ ನಿಲ್ಲಿಸಿದವು. "ನೀವೋ, ದಾರಿ ತಪ್ಪಿದವನಿಗೆ ನಿಲ್ಲಿಸಿದ್ದೀರಿ" ಎಂದು ಗುಡ್ಡದ ಮೇಲಿನ ಬೀದಿಯವರು ಇವತ್ತಿಗೂ ಛೇಡಿಸುತ್ತಾರೆ. ಅವರಿಗೆ ಅರ್ಥವಾಗುವುದು ಕಷ್ಟ. ಸಮುದ್ರದಾಚೆಯ ಅಸೋರೆಸ್ ದ್ವೀಪಗಳಿಂದ ಬಂದು ಇಲ್ಲಿ ಮೀನಿನ ದೋಣಿ ಹತ್ತಿದ ಮನೆಗಳಲ್ಲಿ, ಬಾರದವನನ್ನು ಹುಡುಕಲು ಹೊರಟ ಅಣ್ಣನೋ ಅಪ್ಪನೋ ಇಲ್ಲದ ಮನೆ ಅಪರೂಪ. ಹೊಸ ನೆಲ ಕಂಡವನಿಗಿಂತ ಹುಡುಕಲು ಹೋದವನೇ ನಮಗೆ ದೊಡ್ಡವನು.

ಕಂಚಿಗೆ ಕಾಸು ಕೂಡಿದ್ದು ಸಿಹಿ ಬ್ರೆಡ್ಡು ಮಾರಿ, ಬ್ಯಾಂಡು ಬಾರಿಸಿ. ನೆಲದ ವಿಷಯ ಬೇರೆ. ಪ್ರತಿ ಮನೆಯೂ ದ್ವೀಪದ ತನ್ನ ಹಿತ್ತಿಲ ಗೋಡೆಯಿಂದ ಒಂದೊಂದು ಕಪ್ಪು ಕಲ್ಲು ತರಿಸಬೇಕು ಎಂದು ಆಗಿನ ಹಿರಿಯರು ನಿಶ್ಚಯಿಸಿದರು. ಕಲ್ಲುಗಳು ಬಂದವು. ಚೀಸಿನ ಡಬ್ಬದಲ್ಲಿ, ಕಸೂತಿ ಬಟ್ಟೆ ಸುತ್ತಿಕೊಂಡು, ಮದುಮಗಳ ಪೆಟ್ಟಿಗೆಯ ತಳದಲ್ಲಿ, ಒಬ್ಬ ಅಜ್ಜಿಯ ಕೋಟಿನ ಜೇಬಿನಲ್ಲಿ. ಒಟ್ಟು ಮುನ್ನೂರ ಹನ್ನೆರಡು ಮನೆಯ ಕಲ್ಲು. ಎಂಟು ಕಪ್ಪು ಅಲೆ, ಒಂದೊಂದರಲ್ಲಿ ಮೂವತ್ತೊಂಬತ್ತು. ಸುತ್ತ ತುಂಬಲು ಬೇಕಾದ ಮಿಕ್ಕ ಸಾವಿರಾರು ಕಲ್ಲು ಮೂಟೆಗಳಲ್ಲಿ ಬಂದವು.

ಹಾಸಿದ್ದು ಸೆರಫಿಂ ಬ್ರೂಮ್, ತಿಯಾರ ಅಪ್ಪ. ಅಸೋರೆಸ್ಸಿನ ಫಾಯಲ್ ದ್ವೀಪದಲ್ಲಿ ನೆಲಕ್ಕೆ ಕಲ್ಲು ಹಾಸುವ ಕಸುಬಿನವರು. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಜ್ವಾಲಾಮುಖಿ ಸಿಡಿದು ಅವರ ಮನೆ ಸೂರಿನವರೆಗೆ ಬೂದಿಯಲ್ಲಿ ಹೂತುಹೋಯಿತು. ಎರಡು ವರ್ಷದ ಮೇಲೆ ಹೆಂಡತಿ ಮತ್ತು ಕೈಗೂಸು ಇಡಾಲಿನಾಳನ್ನು ಕರೆದುಕೊಂಡು ಇಲ್ಲಿಗೆ ಬಂದರು. ಇಲ್ಲಿ ಅವರ ಕಸುಬು ಯಾರಿಗೆ ಬೇಕಿತ್ತು? ರಬ್ಬರ್ ಕಾರ್ಖಾನೆಯಲ್ಲಿ ಬೂಟಿಗೆ ಅಟ್ಟೆ ಹಚ್ಚಿದರು, ಸಾಯುವ ತನಕ. ಅಮೆರಿಕದಲ್ಲಿ ಅವರು ತಮ್ಮ ಸ್ವಂತ ಕಸುಬು ಮಾಡಿದ್ದು ಒಂದೇ ಸಲ, ಈ ಚೌಕದಲ್ಲಿ, ಹದಿನಾಲ್ಕು ತಿಂಗಳ ಶನಿವಾರ-ಭಾನುವಾರಗಳಲ್ಲಿ.

"ಮನೆಮನೆಗೆ ಹೋಗಿ ಕಲ್ಲು ತರೋ ಕೆಲ್ಸ ನಂದು, ಹದಿಮೂರು ವರ್ಷ ಆಗ" ಎನ್ನುತ್ತಾರೆ ತಿಯಾ. "ಅಪ್ಪ ಕಲ್ಲಿನ ಮೇಲೆ ಹೆಸರು ಬರೀತಿರ್ಲಿಲ್ಲ. ಹೆಸರು ಸವೆದು ಹೋಗತ್ತೆ, ನೀನು ನೆನಪಿಟ್ಕೋ ಅಂದ್ರು. ಮೂರನೇ ಅಲೆ ಏಳನೇದು ಯಾರದು? ಸಿಲ್ವೇರಾ ಅವ್ರದು. ಅದರ ಪಕ್ಕ? ದುತ್ರಾ ಅಜ್ಜೀದು. ಊಟಕ್ಕೆ ಕೂತಾಗೆಲ್ಲ ಇದೇ ಪರೀಕ್ಷೆ. ತಪ್ಪಿದ್ರೆ ಚೀಸಿಲ್ಲ."

ಮುನ್ನೂರ ಹನ್ನೆರಡರಲ್ಲಿ ಸೆರಫಿಂ ಅವರ ಕಲ್ಲು ಒಂದೂ ಇಲ್ಲ. ತರಿಸಲು ಅವರಿಗೆ ಹಿತ್ತಿಲ ಗೋಡೆಯೇ ಉಳಿದಿರಲಿಲ್ಲ. ಸಂಘದ ನಿಯಮ ಬರೆದಾಗ "ಕಲ್ಲು ಕೊಟ್ಟ ಮನೆಗೆ ಒಂದು ಮತ" ಎಂದು ಬರೆದರು. ಕಲ್ಲು ಹಾಸಿದವನ ಮನೆಗೆ ಏನು ಎಂದು ಯಾರಿಗೂ ಹೊಳೆಯಲಿಲ್ಲ. ಐವತ್ತೈದು ವರ್ಷದಲ್ಲಿ ಒಬ್ಬರಿಗೂ ಹೊಳೆದಿಲ್ಲ.

ಕೆಲಸದ ಕಡೆಗೆ ಬರೋಣ. ಬಕೆಟ್ಟು ತುಂಬಿದೆ. ತಿಯಾ ಅಂಗೈಯಗಲದ ಮಣೆಯ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಕಿತ್ತುಹೋದ ಗುಳಿಯಿಂದ ಹಿಮ ಬಳಿದು, ಹೊಸ ಮರಳು ಹಾಕಿ, ಕಲ್ಲನ್ನು ಎಡಗೈಯಲ್ಲಿ ಹಿಡಿದು ಅಪ್ಪನ ಸುತ್ತಿಗೆಯಿಂದ ಅಂಚನ್ನು ಎರಡೇ ಏಟಿಗೆ ಸರಿಪಡಿಸುತ್ತಾರೆ. ಕೂರಿಸಿ, ಮರದ ಕೊಡತಿಯಲ್ಲಿ ಬಡಿಯುತ್ತಾರೆ. ಸಿಮೆಂಟು ಇಲ್ಲ, ಗಾರೆ ಇಲ್ಲ. ಕಲ್ಲಿಗೆ ಕಲ್ಲೇ ಆಸರೆ. ಒಂದು ಹಿಮಕ್ಕೆ ನಲವತ್ತೋ ಐವತ್ತೋ ಕಲ್ಲು, ಈ ಚಳಿಗಾಲಕ್ಕೆ ಇವತ್ತಿನದೂ ಸೇರಿ ಆರುನೂರ ಹನ್ನೊಂದು. ಸುತ್ತಿಗೆಯ ಹಿಡಿ ಮೂರು ಸಲ ಬದಲಾಗಿದೆ, ಅವರ ಎಡಮಂಡಿ ಒಂದು ಸಲ. ಏಳು ಗಂಟೆಗೆ ಅವರು ಮೀನಿನ ಶೆಡ್ಡಿನಲ್ಲಿರಬೇಕು. ಹತ್ತೊಂಬತ್ತನೇ ವಯಸ್ಸಿನಿಂದ ಅಲ್ಲಿ ಮೀನು ಸೀಳುತ್ತಿದ್ದಾರೆ. ಬಲಗೈಯ ಎರಡು ಬೆರಳು ಈಗ ಪೂರ್ತಿ ಮಡಚುವುದಿಲ್ಲ. "ಮೀನಿಗೆ ತೊಂದ್ರೆ ಇಲ್ಲ, ಕಲ್ಲಿಗೂ ತೊಂದ್ರೆ ಇಲ್ಲ. ಗುಂಡಿ ಹಾಕ್ಕೊಳೋಕೆ ಮಾತ್ರ ಕಷ್ಟ" ಎನ್ನುತ್ತಾರೆ.

ಈ ಕೆಲಸಕ್ಕೆ ಯಾರೂ ಅವರಿಗೆ ಏನೂ ಕೊಟ್ಟಿಲ್ಲ. ಅವರು ಕೇಳಿಯೂ ಇಲ್ಲ. ಇಂಥವರನ್ನು ಎಲೆಮರೆಯ ಕಾಯಿ ಎನ್ನುವುದು ನಮ್ಮ ಪುರವಣಿಗಳ ರೂಢಿ. ನನಗೆ ಆ ಮಾತು ಬರೆಯಲು ಕೈ ಬರುವುದಿಲ್ಲ. ಎಲ್ಲಿದೆ ಎಲೆ, ಎಲ್ಲಿದೆ ಮರೆ? ಊರಿನ ನಟ್ಟನಡುವೆ, ಬೇಕರಿಗೂ ಇಗರ್ಜಿಗೂ ಹೋಗುವ ದಾರಿಯಲ್ಲೇ, ಮೂವತ್ತನಾಲ್ಕು ವರ್ಷ ಒಬ್ಬರು ಮಂಡಿಯೂರಿ ಕೂತಿದ್ದಾರೆ. ನಾವು ನೋಡಲಿಲ್ಲ, ಅಷ್ಟೇ.

ಮನೆಯಲ್ಲಿ ಸಾವಾದಾಗ ಮಾತ್ರ ಎಲ್ಲರಿಗೂ ತಿಯಾ ಬೇಕು. ಮಣ್ಣು ಮಾಡಿದ ಮೇಲಿನ ಮೊದಲ ಭಾನುವಾರ ಮನೆಯವರು ಚೌಕಕ್ಕೆ ಬಂದು ನಿಲ್ಲುತ್ತಾರೆ. ತಿಯಾ ಆ ಮನೆಯ ಕಲ್ಲನ್ನು ಎಬ್ಬಿಸಿ, ಮಗುಚಿ, ಸವೆದ ಮುಖವನ್ನು ಮಣ್ಣಿಗೂ ಹೊಸ ಮುಖವನ್ನು ಬೆಳಕಿಗೂ ಮಾಡಿ ಮತ್ತೆ ಕೂರಿಸುತ್ತಾರೆ. ಮನೆಯವರು ಅದರ ಮೇಲೆ ಒಂದು ಚೊಂಬು ನೀರು ಹೊಯ್ಯುತ್ತಾರೆ. ಪಾದ್ರಿಗಳಿಗೆ ಈ ಪದ್ಧತಿ ಇಷ್ಟವಿಲ್ಲ, ದ್ವೀಪದಲ್ಲಿ ಇದು ಇರಲೂ ಇಲ್ಲ. ಇಲ್ಲಿ ಹುಟ್ಟಿದ್ದು, ಇಲ್ಲಿಯವರದೇ. ಮಗುಚಿಸಿಕೊಂಡು ಹೋದವರು ಮುಂದಿನ ಸಾವಿನ ತನಕ ತಮ್ಮ ಕಲ್ಲು ಯಾವುದೆಂದು ಮರೆತುಬಿಡುತ್ತಾರೆ. ನೆನಪಿಟ್ಟುಕೊಳ್ಳಲು ತಿಯಾ ಇದ್ದಾರಲ್ಲ!

ನೆಲಕ್ಕೆ ಕೇಡು ಬಗೆದವರು ಹೊರಗಿನವರಲ್ಲ. ಇಪ್ಪತ್ತಮೂರು ವರ್ಷದ ಹಿಂದೆ ನಮ್ಮವರೇ ಆರು ಜನ, ಒಳ್ಳೆಯ ಮನಸ್ಸಿನಿಂದಲೇ, ಒಂದು ಶನಿವಾರ ಸಿಮೆಂಟು ಮಿಕ್ಸರು ತಂದು ನಿಲ್ಲಿಸಿದರು. ಜಿಲ್ಲೆಯ ಅರ್ಧಕ್ಕರ್ಧ ಮನೆಗಳ ಅಂಗಳಕ್ಕೆ ಕಾಂಕ್ರೀಟು ಹಾಕಿದ ನುರಿತ ಕೈಗಳು. ಅವರಲ್ಲಿ ನನ್ನ ಸೋದರಮಾವನೂ ಇದ್ದ. "ಪಾಪ, ತಿಯಾ ಎಷ್ಟೂಂತ ಒದ್ದಾಡ್ತಾರೆ, ಒಂದೇ ಸಲ ಗಟ್ಟಿ ಮಾಡ್ಬಿಡೋಣ" ಎಂದು ಐದನೇ ಅಲೆಗೆ ಸಿಮೆಂಟು ಹೊಯ್ದರು. ಮರಳಿನ ಮೇಲೆ ಕೂತ ಕಲ್ಲು ಚಳಿಗೆ ಏಳುತ್ತದೆ, ಬೇಸಿಗೆಗೆ ಇಳಿಯುತ್ತದೆ. ಸಿಮೆಂಟಿಗೆ ಆ ನಯ ಇಲ್ಲ. ಮಾರ್ಚಿಗೆ ಐದನೇ ಅಲೆ ಗೂನು ಬೆನ್ನಿನಂತೆ ಎದ್ದು ಬಿರಿಯಿತು. ಮೂವತ್ತೊಂಬತ್ತು ಮನೆಯ ಕಲ್ಲುಗಳೂ ಅದರೊಳಗೆ ಸಿಕ್ಕಿಕೊಂಡವು. ತಿಯಾ ಎರಡು ಬೇಸಿಗೆ ಕೂತು, ತೆಳು ಉಳಿಯಿಂದ ಒಂದೊಂದನ್ನೇ ಬಿಡಿಸಿದರು.

"ಅವ್ರನ್ನ ಬೈಲಿಲ್ವಾ ತಿಯಾ?" ಎಂದು ಕೇಳಿದೆ.

"ಬೈದೆ. ಆಮೇಲೆ ಕಾಫಿ ತಂದ್ಕೊಟ್ರು, ಕುಡಿದೆ. ನಿಮ್ಮಾವ ಅಳೋ ಹಂಗೆ ನಿಂತಿದ್ದ. ಗೊತ್ತಿಲ್ದೆ ಮಾಡಿದವ್ರ ಮೇಲೆ ಎಷ್ಟೂಂತ ಸಿಟ್ಟಿಟ್ಕೊಳೋದು?"

ಈ ಸಲ ಗೊತ್ತಿದ್ದೇ ಮಾಡುತ್ತಿದ್ದಾರೆ. ಕಳೆದ ಬೇಸಿಗೆಯಲ್ಲಿ ಹೈಹೀಲ್ಡು ಹಾಕಿದ್ದ ಒಬ್ಬಾಕೆ ಇಲ್ಲಿ ಎಡವಿದಳು. ಈ ನೆಲ ಅಪಾಯ ಎಂದು ವಿಮೆಯವರು ಪತ್ರ ಬರೆದರು. ಸಂಘದ ಅಧ್ಯಕ್ಷ ಎರ್ಮಾನು ಟೋಸ್ಟೆ ಕಾರು ಮಾರುವವರು, ಮಾತಿನಲ್ಲಿ ನಯ. "ನೋಡಿ, ತಿಯಾ ಬಗ್ಗೆ ನಮ್ಗೆಲ್ಲ ಗೌರವ ಇದೆ. ಆದ್ರೆ ಅವ್ರಾದ್ಮೇಲೆ ಯಾರು? ಅವ್ರಿಗೂ ವಯಸ್ಸಾಯ್ತು. ಸಮಾರಂಭದ ದಿನ ವೇದಿಕೆಗೆ ಕರೆದು ಫಲಕ ಕೊಡ್ತೀವಿ" ಎಂದರು ನನಗೆ. ಅವರಾದ ಮೇಲೆ ಯಾರು ಎಂಬ ಚಿಂತೆ ಇದ್ದವರು ಅವರು ಇರುವಾಗಲೇ ಇಬ್ಬರನ್ನು ಕಲಿಯಲು ಕಳಿಸಬಹುದಿತ್ತು. ಮೂವತ್ತನಾಲ್ಕು ವರ್ಷ ಸಮಯವಿತ್ತು.

ಮಾರ್ಚಿ ತಿಂಗಳ ಸಭೆಯಲ್ಲಿ ನಾನೂ ಇದ್ದೆ. ತಿಯಾ ಮೀನಿನ ಶೆಡ್ಡಿನಿಂದ ನೇರ ಬಂದಿದ್ದರು, ರಬ್ಬರ್ ಬೂಟಿನಲ್ಲೇ. ಹಿಂದಿನ ಸಾಲಿನಲ್ಲಿ ಎದ್ದು ನಿಂತರು.

"ತಿಯಾ, ಕೂತ್ಕೊಳ್ಳಿ" ಎಂದರು ಟೋಸ್ಟೆ. "ಮೊದ್ಲು ಮತ ಇರೋರು ಮಾತಾಡ್ಲಿ."

"ಬಿಡ್ರಪ್ಪ, ಮಾತಾಡ್ಲಿ ಅವ್ರು" ಎಂದಿತು ಮಧ್ಯದಿಂದ ಒಂದು ದನಿ.

"ನಿಯಮ ಅಂದ್ರೆ ನಿಯಮ. ನಾನೇನು ಬರೆದಿದ್ದಾ ಅದನ್ನ?"

ತಿಯಾ ಕೂರಲಿಲ್ಲ. "ಭಾಷಣ ಮಾಡಲ್ಲ ಕಣೋ ಎರ್ಮಾನು. ಒಂದೇ ಪ್ರಶ್ನೆ. ಕಿತ್ತ ಕಲ್ಲು ಎಲ್ಲಿಗೆ ಹಾಕ್ತೀರಿ?"

ಗುತ್ತಿಗೆದಾರ ಕಾಗದ ನೋಡಿ ಹೇಳಿದ: ಸಭಾಭವನದ ಹಿಂದೆ ಕಾರು ನಿಲ್ಲಿಸಲು ಹೊಸ ಜಾಗ ಮಾಡುತ್ತಿದ್ದಾರಲ್ಲ, ಅಲ್ಲಿ ತಗ್ಗು ತುಂಬಲು.

ನಮ್ಮ ಅಜ್ಜಿಯರ ಕೋಟಿನ ಜೇಬಿನಲ್ಲಿ ಸಮುದ್ರ ದಾಟಿ ಬಂದ ಕಲ್ಲುಗಳ ಮೇಲೆ ನಾವು ಕಾರು ನಿಲ್ಲಿಸಬೇಕಂತೆ! ಒಳಗೆ ಗುಜುಗುಜು ಶುರುವಾಯಿತು. ಟೋಸ್ಟೆ ಕೈ ಎತ್ತಿದರು. "ಬೇಕಾದೋರು ಅವ್ರವ್ರ ಕಲ್ಲು ಮನೆಗೆ ತಗೊಂಡು ಹೋಗ್ಬಹುದು. ಯಾರೂ ಬೇಡ ಅನ್ನಲ್ಲ."

"ಯಾವ್ದು ಯಾರ್ದು ಅಂತ ಗೊತ್ತೇನು ನಿಮ್ಗೆ?" ಎಂದು ಕೇಳಿದರು ತಿಯಾ. "ನಿಂದು ಯಾವ್ದು ಹೇಳು ನೋಡೋಣ, ಎರ್ಮಾನು."

ಟೋಸ್ಟೆ ನಕ್ಕರು, ಕನ್ನಡಕ ಒರೆಸಿಕೊಂಡರು, ಮುಂದಿನ ವಿಷಯಕ್ಕೆ ಹೋದರು. ಇನ್ನೂರು ಜನ ಕೂತಿದ್ದರು. ಒಬ್ಬರೂ ನನಗೆ ಗೊತ್ತು ಎನ್ನಲಿಲ್ಲ. ತಿಯಾ ಪರವಾಗಿ ಎದ್ದು ನಿಲ್ಲಲೂ ಇಲ್ಲ. ನಾನೂ ಕೂತೇ ಇದ್ದೆ, ಮಡಿಲಲ್ಲಿ ಬರೆಯುವ ಪುಸ್ತಕ ಇಟ್ಟುಕೊಂಡು, ವರದಿಗಾರಳಿಗೆ ಸಭೆಯಲ್ಲಿ ಮಾತೇಕೆ ಎಂದು ನನಗೆ ನಾನೇ ಹೇಳಿಕೊಂಡು.

ಬುಧವಾರ ಬೆಳಿಗ್ಗೆ ಅದನ್ನೇ ಹೇಳಿ ಕ್ಷಮೆ ಕೇಳಿದೆ. ತಿಯಾ ಕಲ್ಲು ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದಿರ್ಲಿ ಮಗಳೇ. ನಾನೂ ನಿಂಗೊಂದು ಹೇಳೋದಿದೆ. ಬರ್ಕೊಂಡ್ರೂ ಸರಿ."

ಹನ್ನೊಂದು ವರ್ಷದ ಹಿಂದಿನ ಚಳಿಗಾಲ. ಕಿಟಕಿಯ ಎತ್ತರಕ್ಕೆ ಹಿಮ ಬಿದ್ದು, ಪುರಸಭೆಯವರು ಹಿಮವನ್ನು ಲಾರಿಗಳಲ್ಲಿ ತುಂಬಿಸಿ ಬಂದರಿನ ಬಯಲಿಗೆ ಸುರಿಸಿದ ವರ್ಷ. ಆ ಸಲ ಕಿತ್ತುಹೋದ ಕಲ್ಲುಗಳಲ್ಲಿ ಒಂದು ಸಿಗಲೇ ಇಲ್ಲ. ಆರನೇ ಅಲೆಯ ಹದಿನೆಂಟನೇದು. ಸೆರ್ಪಾ ಮನೆಯದು. ನಮ್ಮದು. ಆ ಮಾರ್ಚಿನಲ್ಲೇ ನನ್ನ ಅಪ್ಪ ಹೋದರು. ಭಾನುವಾರ ನಾವೆಲ್ಲ ಚೌಕಕ್ಕೆ ಹೋಗಿ ನಿಂತೆವು.

"ಏನು ಮಾಡ್ಲಿ ನಾನು? ನಿಮ್ಮಮ್ಮ ನೀರಿನ ಚೊಂಬು ಹಿಡ್ಕೊಂಡು ನಿಂತಿದಾಳೆ. ನಿಮ್ಮನೆ ಕಲ್ಲು ಕಳೆದ್ಹೋಯ್ತು ಅಂತ ಹೇಗೆ ಹೇಳ್ಲಿ? ಹಿಂದಿನ ರಾತ್ರೀನೇ ಬೇರೆ ಒಂದು ಇಟ್ಬಿಟ್ಟಿದ್ದೆ. ಅದನ್ನೇ ಮಗುಚಿದೆ."

"ಬೇರೆ ಅಂದ್ರೆ ಎಲ್ಲೀದು?"

ತಿಯಾ ಸುತ್ತಿಗೆ ಕೆಳಗಿಟ್ಟರು. "ಅಪ್ಪ ಅಡಿಗಲ್ಲು ಅಂತ ತೊಡೆ ಮೇಲಿಟ್ಕೊಂಡು ಅದರ ಮೇಲೆ ಬೇರೆ ಕಲ್ಲು ಒಡೀತಿದ್ರಲ್ಲ, ಆ ಕಲ್ಲು. ಮೂಟೇಲಿ ಬಂದಿದ್ದು, ಯಾರ ಮನೇದೂ ಅಲ್ಲ. ನಮ್ಮಡುಗೆಮನೆ ಬಾಗಿಲಿಗೆ ಒತ್ತಿಟ್ಕೊಂಡಿದ್ದೆ. ಅಪ್ಪ ಸತ್ತಾಗ ಮಗುಚೋಕೆ ನಮ್ಗೆ ಅಂತ ಒಂದು ಕಲ್ಲಿರ್ಲಿಲ್ವಲ್ಲ. ಮನೇಲಿ ಇದನ್ನೇ ಬಾಗಿಲ ಹತ್ರ ಮಗುಚಿಟ್ಟಿದ್ದೆ."

ನಾಲ್ಕು ವರ್ಷ, ಹಿಮ ಕರಗಿದಾಗೆಲ್ಲ, ಕೆಲಸ ಮುಗಿಸಿ ಬಂದರಿನ ಬಯಲಿಗೆ ಹೋಗಿ ಕೋಲಿನಿಂದ ಕೆದಕಿದರಂತೆ. ನಾಲ್ಕನೇ ವರ್ಷ ತುಕ್ಕು ಹಿಡಿದ ತಂತಿ ಬಲೆಯ ಉಂಡೆಯೊಳಗೆ ನಮ್ಮ ಕಲ್ಲು ಸಿಕ್ಕಿತು. ಒಂದು ಮೂಲೆಯಲ್ಲಿ ಕೆಂಪು ಗೆರೆಯಿತ್ತಂತೆ, ಅದೇ ಗುರುತು. ಎರಡೂ ಕಲ್ಲು ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಯ ಬಾಗಿಲು ತಟ್ಟಿದರು, ಅಮ್ಮನ ಮುಂದೆ ನಡೆದದ್ದೆಲ್ಲ ಒಪ್ಪಿಕೊಂಡರು.

"ಬೈತಾಳೆ ಅಂದ್ಕೊಂಡಿದ್ದೆ. ಒಳಗ್ ಕರೆದು ಕೂರಿಸಿ ಸೊಪ್ಪಿನ ಸಾರು ಬಡಿಸಿದ್ಲು ಫಿಲೊಮೆನಾ. 'ಹೋಗ್ಲಿ ಬಿಡು, ನಾಲ್ಕು ವರ್ಷ ನಿಮ್ಮಪ್ಪ ನಮ್ಮನೆ ನೆಂಟ ಆಗಿದ್ರು ಅಂದ್ಕೊಳ್ತೀನಿ' ಅಂದ್ಲು. ನಿಮ್ ಕಲ್ಲು ಅದರ ಜಾಗಕ್ಕೆ ಹೋಯ್ತು, ಅಪ್ಪಂದು ನಮ್ಮಡುಗೆಮನೆಗೆ. ಯಾರಿಗೂ ಹೇಳ್ಬೇಡ ಅಂದ್ಲು. ಮಕ್ಕಳಿಗೂ."

ಅಮ್ಮ ನನಗೆ ಹೇಳಲೇ ಇಲ್ಲ. ಈ ಫೆಬ್ರವರಿಯಲ್ಲಿ ಅವರೂ ಹೋದರು. ಆಗ ನೆಲ ಹೆಪ್ಪುಗಟ್ಟಿತ್ತು, ಕಲ್ಲು ಎಬ್ಬಿಸುವ ಹಾಗಿರಲಿಲ್ಲ. ನೆಲ ಸಡಿಲವಾದ ಮೇಲೆ ಹೋಗಿ ಮಗುಚಿಸಿದರಾಯಿತು ಅಂದುಕೊಂಡೆ. ಮಾರ್ಚಿ ಕಳೆಯಿತು. ಕಚೇರಿಗೆ ದಿನಾ ಇದೇ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋದೆ. ಕೊನೆಗೆ ಇಲ್ಲಿ ಕಾರು ನಿಲ್ಲಿಸಿದ್ದು ಲೇಖನಕ್ಕೆ.

"ನಿಮ್ಮಮ್ಮಂದು ಬಾಕಿ ಇದೆ" ಎಂದರು ತಿಯಾ, ಮೆಲ್ಲಗೆ. "ನೀನು ಹೋಗೋದು ನೋಡ್ತಿದ್ದೆ ದಿನಾ. ಕೇಳಿದ್ಮೇಲೆ ಮಾಡೋದು ಪದ್ಧತಿ. ಅದಕ್ಕೇ ಕಾದೆ."

"ಈಗ ಮಾಡ್ತೀರಾ ತಿಯಾ?" ಎಂದೆ.

ಆರನೇ ಅಲೆಗೆ ಹೋದರು. ಎಣಿಸಲಿಲ್ಲ, ಬಗ್ಗಿ ನೋಡಲಿಲ್ಲ, ನೇರ ಹೋಗಿ ಮಣೆ ಹಾಕಿದರು. ಸುತ್ತಿಗೆಯ ಚೂಪು ತುದಿ ಸಂದಿಗೆ ಕೊಟ್ಟು ಎಬ್ಬಿಸಿದರು. ಕಲ್ಲು ನನ್ನ ಕೈಗೆ ಬಂತು, ತಣ್ಣಗೆ, ಭಾರವಾಗಿ. ಮೂಲೆಯಲ್ಲಿ ಕೆಂಪು ಗೆರೆ ಇತ್ತು. ಐವತ್ತೈದು ವರ್ಷದಲ್ಲಿ ನಮ್ಮ ಮನೆಯವರು ಯಾರೂ ಇದನ್ನು ಕೈಯಲ್ಲಿ ಹಿಡಿದಿರಲಿಲ್ಲ, ಅಮ್ಮನ ಹೊರತು.

ಆಗ ನನಗೊಂದು ಯೋಚನೆ ಬಂತು, ತಡೆಯಲಾಗಲಿಲ್ಲ. "ತಿಯಾ, ನಮ್ಮ ಕಲ್ಲು ನಾನು ಮನೆಗೆ ಒಯ್ತೀನಿ. ಇಲ್ಲಿ ನಿಮ್ಮಪ್ಪಂದು ಇಡಿ. ಕಲ್ಲಿದ್ದೋರಿಗೆ ತಾನೇ ಮತ? ಭಾನುವಾರ ನೀವೇ ಹೋಗಿ ಹಾಕಿ. ಅದ್ಹೇಗೆ ಕೂತ್ಕೋ ಅಂತಾರೋ ನೋಡೋಣ!"

ತಿಯಾ ಗಟ್ಟಿಯಾಗಿ ನಕ್ಕರು, ಇಗರ್ಜಿಯ ಮೆಟ್ಟಿಲ ಮೇಲಿನ ಪಾರಿವಾಳಗಳು ಎದ್ದು ಹಾರುವಷ್ಟು. "ಒಂದು ಸುಳ್ಳಿಗೇ ನಾಲ್ಕು ವರ್ಷ ನಿದ್ದೆ ಇರ್ಲಿಲ್ಲ ನಂಗೆ. ಇನ್ನೊಂದಕ್ಕೆ ವಯಸ್ಸೆಲ್ಲಿದೆ? ಅದೂ ಅಲ್ದೆ ನಿಮ್ಮಮ್ಮನ್ನ ಎಲ್ಲಿಗೆ ಕಳಿಸ್ತೀಯ? ಕೊಡು ಇಲ್ಲಿ."

ಕಲ್ಲು ಮಗುಚಿತು. ಮರಳು, ಕೊಡತಿಯ ನಾಲ್ಕು ಏಟು. ಚೊಂಬು ಇರಲಿಲ್ಲ, ನನ್ನ ಕಾರಿನಲ್ಲಿದ್ದ ಕುಡಿಯುವ ನೀರಿನ ಬಾಟಲಿಯಿಂದಲೇ ಹೊಯ್ದೆ. ಅಮ್ಮ ನೋಡಿದ್ದರೆ ಬೈಯುತ್ತಿದ್ದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ತಿಯಾ ಪಕ್ಕದಲ್ಲಿ ಸುತ್ತಿಗೆ ಒರೆಸುತ್ತಾ, ನಾನು ಮುಗಿಸುವ ತನಕ ಕಾದರು.

ನಾಳೆ ಸೆರ್ಪಾ ಮನೆಯ ಮತ ನನ್ನದು. ಅದು ಕೀಳಬೇಡಿ ಎಂಬ ಕಡೆಗೆ ಬೀಳುತ್ತದೆ. ಈ ಸಲ ನಾನು ಎದ್ದು ನಿಂತು ಮಾತಾಡುತ್ತೇನೆ, ಕಾಂಕ್ರೀಟಿನ ಬಗ್ಗೆಯೂ, ಆ ನಿಯಮದ ಬಗ್ಗೆಯೂ. ಮಿಕ್ಕ ಮುನ್ನೂರ ಹನ್ನೊಂದು ಮನೆಗಳವರು ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ಮತ ಹಾಕುವ ಮೊದಲು ಅಧ್ಯಕ್ಷರು ಉತ್ತರಿಸದೆ ಬಿಟ್ಟ ಪ್ರಶ್ನೆಗೆ ನೀವಾದರೂ ಉತ್ತರ ಹುಡುಕಿ: ನಿಮ್ಮ ಕಲ್ಲು ಯಾವುದು?

ಏಳಕ್ಕೆ ಹತ್ತು ನಿಮಿಷ. ತಿಯಾ ಬಕೆಟ್ಟು ತೊಳೆದು, ಮಣೆ ಕಂಕುಳಿಗೆ ಸಿಕ್ಕಿಸಿಕೊಂಡು ಮೀನಿನ ಶೆಡ್ಡಿನ ಕಡೆ ಹೊರಟಿದ್ದಾರೆ. ಭಾನುವಾರ ಏನಾಗಲಿ ಎಂಬ ಆಸೆ ನಿಮಗೆ ಎಂದು ಕೇಳುತ್ತೇನೆ. ಫಲಕ ಬೇಡವಂತೆ, ಇಡಲು ಮನೆಯಲ್ಲಿ ಜಾಗವಿಲ್ಲ. ಮತ ಕೊಟ್ಟರೆ ಬೇಡ ಎನ್ನುವುದಿಲ್ಲವಂತೆ.

"ಒಂದೇ ಒಂದು. ಮತ ಹಾಕೋಕೆ ಮುಂಚೆ ಎಲ್ರೂ ಒಂದ್ಸಲ ಇಲ್ಲಿಗೆ ಬಂದು ಅವ್ರವ್ರ ಕಲ್ಲಿನ ಮೇಲೆ ನಿಂತ್ಕೊಳ್ಲಿ. ನಿಂತ್ಕೊಂಡ್ಮೇಲೂ ಕೀಳ್ಬೇಕು ಅನ್ಸಿದ್ರೆ ಕೀಳ್ಲಿ, ನಾನೇನೂ ಅನ್ನಲ್ಲ."

"ಅಷ್ಟು ಮನೆಯವ್ರಿಗೂ ತೋರಿಸ್ಬೇಕಲ್ಲ ತಿಯಾ, ಒಂದೇ ಬೆಳಿಗ್ಗೇಲಿ."

"ತೋರಿಸ್ತೀನಿ. ಐದಕ್ಕೆ ಬಂದಿರ್ತೀನಿ."